ಶಿಸ್ತಿಗೆ ಗುಟ್ಟು ಬೇಕಿಲ್ಲ

ಕೋರ್ಟ್ ಮಾರ್ಷಲ್ ಸೇನೆಯ ಆಂತರಿಕ ವಿಚಾರ, ಹೊರಗಿನವರು ತಲೆಹಾಕಿದರೆ ಯೋಧರ ಸ್ಥೈರ್ಯ ಕುಗ್ಗುತ್ತದೆ ಎಂಬ ವಾದವನ್ನು ಒಪ್ಪಲಾಗದು. ಕೋರ್ಟ್ ಮಾರ್ಷಲ್ ಸಾರ್ವಜನಿಕರು ಬರಬಹುದಾದ ಮುಕ್ತ ನ್ಯಾಯಾಲಯವೆಂದು ನಮ್ಮ ಸೇನಾ ನಿಯಮಗಳೇ ಹೇಳುತ್ತವೆ. ಬಾಗಿಲು ಮುಚ್ಚುವುದು ಅಪವಾದ ಮಾತ್ರ. ಆದರೆ ದಂಡುಪ್ರದೇಶದ ಗೇಟಿನಲ್ಲೇ ತಡೆದು ನಿಲ್ಲಿಸಿದರೆ ಆ ನಿಯಮದಿಂದ ಯಾರಿಗೆ ಪ್ರಯೋಜನ?

ಕಾಶ್ಮೀರದ ಪತ್ರಿಬಲ್ ನೆನಪಿರಲಿ. 2000ದ ಮಾರ್ಚ್‌ನಲ್ಲಿ ವಿದೇಶಿ ಉಗ್ರರೆಂದು ಐವರನ್ನು ಕೊಲ್ಲಲಾಯಿತು. ಹೂತಿದ್ದ ಶವಗಳನ್ನು ಹೊರತೆಗೆದು, ಡಿಎನ್‌ಎ ಪರೀಕ್ಷೆ ನಡೆಸಿದಾಗ ಅವರು ಸ್ಥಳೀಯರೆಂದು ಖಚಿತವಾಯಿತು. 2006ರಲ್ಲಿ ಸಿಬಿಐ ಸೇನೆಯ ಐವರ ಮೇಲೆ ಆರೋಪಪಟ್ಟಿ ಸಲ್ಲಿಸಿತು. ವಿಚಾರಣೆ ಎಲ್ಲಿ ನಡೆಯಬೇಕೆಂಬ ಆಯ್ಕೆಯನ್ನು 2012ರಲ್ಲಿ ಸುಪ್ರೀಂ ಕೋರ್ಟ್ ಸೇನೆಗೇ ಬಿಟ್ಟಿತು. ಪ್ರಕರಣವನ್ನು ಕೈಗೆತ್ತಿಕೊಂಡ ಸೇನೆ 2014ರ ಜನವರಿಯಲ್ಲಿ, ಸಾಕ್ಷ್ಯ ಸಾಲದೆಂದು ಕೋರ್ಟ್ ಮಾರ್ಷಲ್ ನಡೆಸದೆಯೇ ಮುಗಿಸಿಬಿಟ್ಟಿತು. ಮಕ್ಕಳನ್ನು, ಗಂಡಂದಿರನ್ನು ಕಳೆದುಕೊಂಡವರು ಹದಿನಾಲ್ಕು ವರ್ಷ ಕಾದದ್ದು ಇದಕ್ಕೇ?

ಕಾಶ್ಮೀರದ್ದೇ ಆದ ಮಾಛಿಲ್ ನಕಲಿ ಎನ್‌ಕೌಂಟರ್‌ನಲ್ಲಿ ಸೇನೆ ತನ್ನವರಿಗೇ ಜೀವಾವಧಿ ಶಿಕ್ಷೆ ವಿಧಿಸಿದ್ದು ನಿಜ, ಅದು ಮೆಚ್ಚಬೇಕಾದದ್ದೇ. 2017ರಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ನನಗದು ಒಪ್ಪಿಗೆಯಿಲ್ಲ, ಆದರೆ ಮಂಡಳಿ ಕೊಟ್ಟ ಕಾರಣಗಳು ಹೊರಬಂದವು, ಹಾಗಾಗಿ ಅವುಗಳ ಜೊತೆ ಜಗಳವಾಡಬಹುದು. ಪತ್ರಿಬಲ್‌ನವರಿಗೆ ಆ ಅವಕಾಶವೂ ಸಿಗಲಿಲ್ಲ.

ಮಾಹಿತಿದಾರರ ಹೆಸರು, ಕಾರ್ಯಾಚರಣೆಯ ವಿವರ ಗುಟ್ಟಾಗಿಯೇ ಇರಲಿ. ಆರೋಪ, ತೀರ್ಪು, ಅದರ ಕಾರಣಗಳು ಪ್ರಕಟವಾಗಲಿ. ಪ್ರಕರಣ ಕೈಬಿಟ್ಟಾಗಲೂ ಸಕಾರಣ ಆದೇಶದ ಒಂದು ಪ್ರತಿ ಸತ್ತವರ ಮನೆಯವರಿಗೆ ತಲುಪಲಿ.