24 ಗಂಟೆ ಪ್ರಜೆಗೆ, 21 ತಿಂಗಳು ಪ್ರಭುವಿಗೆ

ಶಾಸನರಚನೆಯಲ್ಲಿ ಸಾವಧಾನವೇ ಭೂಷಣವೆಂದೂ, ಸೈಬರ್ ಭದ್ರತೆಯ ಶಾಸನದಲ್ಲಿ ಬರ್ಲಿನ್ನಿನ ಜರ್ಮನ್ ಸರ್ಕಾರ ತೋರಿದ ವಿಳಂಬವನ್ನು ಪ್ರಜಾಪ್ರಭುತ್ವದ ಸಹಜಗತಿಯೆಂದು ಸಹಿಸಿಕೊಳ್ಳಬೇಕೆಂದೂ ಉಪದೇಶಿಸುವ ಪಂಡಿತರನ್ನು ನಾನು ಕೇಳಬೇಕೆಂದಿರುವುದು ಇಷ್ಟೆ: ಆ ಸಾವಧಾನದಲ್ಲಿ ಒಂದು ಪಾಲಾದರೂ ಅಲ್ಲಿಯ ಅರುವತ್ತು ಕೆಲಸಗಾರರ ಒಂದು ಹಾಲಿನ ಕಾರ್ಖಾನೆಗೆ ಏಕೆ ಸಲ್ಲಲಿಲ್ಲ?

ಐರೋಪ್ಯ ಒಕ್ಕೂಟದ ನಿರ್ದೇಶನವು ತಾನಾಗಿ ಯಾವ ಕಾರ್ಖಾನೆಯನ್ನೂ ಬಂಧಿಸದು. ಸದಸ್ಯರಾಷ್ಟ್ರವು ಅದನ್ನು ತನ್ನ ಶಾಸನವಾಗಿ ಬರೆದುಕೊಂಡಾಗಲೇ ಅದಕ್ಕೆ ಜೀವ ಬರುವುದು. ಎನ್‌ಐಎಸ್-2 ಎಂಬ ಸೈಬರ್ ಭದ್ರತೆಯ ನಿರ್ದೇಶನವು 2023ರ ಜನವರಿ 16ರಂದು ಜಾರಿಗೆ ಬಂದು, ಈ ಬರೆವಣಿಗೆಗಾಗಿ ಸರ್ಕಾರಗಳಿಗೆ 2024ರ ಅಕ್ಟೋಬರ್ 17ರವರೆಗೆ, ಎಂದರೆ 21 ತಿಂಗಳು, ಅವಕಾಶವಿತ್ತಿತು. ಅದೇ ನಿರ್ದೇಶನವು, ಜಾಲಕ್ಕೆ ಕನ್ನ ಬಿದ್ದುದನ್ನು ಅರಿತ ಸಂಸ್ಥೆಗೆ ಪ್ರಥಮ ಸೂಚನೆಗಾಗಿ ಕೊಟ್ಟದ್ದು 24 ಗಂಟೆ. 27 ರಾಷ್ಟ್ರಗಳಲ್ಲಿ ಆ ಗಡುವು ತಪ್ಪಿದ 23ಕ್ಕೆ ಐರೋಪ್ಯ ಆಯೋಗವು ಆ ವರ್ಷದ ನವೆಂಬರಿನಲ್ಲಿ ನೋಟೀಸು ಕಳುಹಿಸಬೇಕಾಯಿತು. ಜರ್ಮನಿಯಂತೂ, ಸಮ್ಮಿಶ್ರ ಸರ್ಕಾರ ಮುರಿದುಬಿದ್ದು, ಚುನಾವಣೆ ಮುಗಿದು, 2025ರ ಡಿಸೆಂಬರ್ 6ರಂದು ಎಚ್ಚೆತ್ತಿತು. ತನಗೆ ಮತ್ತೆ ಸುಮಾರು 14 ತಿಂಗಳ ಸುಖನಿದ್ರೆ. ಸುಮಾರು 29,500 ಸಂಸ್ಥೆಗಳಿಗೆ ಮಾತ್ರ, ಶಾಸನವು ಪ್ರಕಟವಾದ ಮರುದಿನವೇ ಜಾರಿ! ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ಶನಿವಾರ ರಾತ್ರಿ ಕಂಪ್ಯೂಟರಿನ ಪರದೆಯ ಮೇಲೆ ಒತ್ತೆಹಣದ ಬೇಡಿಕೆ ಮೂಡಿ, ಶೈತ್ಯಾಗಾರದ ಲೆಕ್ಕವೆಲ್ಲ ಮಾಯವಾಗಿ, ಟ್ಯಾಂಕರುಗಳು ಅಂಗಳದಲ್ಲಿ ಸಾಲುಗಟ್ಟಿ ನಿಂತಿರುವಾಗ, ಆ ಕಾರ್ಖಾನೆಯವನು ಹಾಲನ್ನು ಉಳಿಸಿಕೊಳ್ಳಬೇಕೋ, ಸೂಚನೆಯ ನಮೂನೆಯನ್ನು ತುಂಬಬೇಕೋ? ತಪ್ಪಿದರೆ ದಂಡವು 70 ಲಕ್ಷ ಯೂರೋವರೆಗೂ ಏರಬಹುದು. ಸರ್ಕಾರಿ ಆಡಳಿತಕ್ಕೆ ದಂಡ ವಿಧಿಸಬೇಕೆ ಬೇಡವೆ ಎಂಬುದನ್ನೋ, ನಿರ್ದೇಶನವು ಆಯಾ ಸರ್ಕಾರದ ಘನ ವಿವೇಚನೆಗೇ ಬಿಟ್ಟಿದೆ. ಪಾರ್ಲಿಮೆಂಟುಗಳೂ ಕೇಂದ್ರ ಬ್ಯಾಂಕುಗಳೂ ಅದರ ವ್ಯಾಪ್ತಿಯಲ್ಲೇ ಇಲ್ಲ. ಪ್ರಭುತ್ವದ ಜಾಯಮಾನವೇ ಎಲ್ಲೆಲ್ಲಿಯೂ ಹೀಗೆ: ಅರ್ಜಿದಾರನು ತಡಮಾಡಿದರೆ ಅಪರಾಧ, ಕಚೇರಿ ತಡಮಾಡಿದರೆ ಕಾರ್ಯಬಾಹುಳ್ಯ. ನಮ್ಮ ತಾಲ್ಲೂಕು ಕಚೇರಿಯ ಬೆಂಚನ್ನು ಸವೆಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಷ್ಟಕ್ಕೂ, 2021ರ ಜುಲೈಯಲ್ಲಿ ಸೈಬರ್ ದಾಳಿಗೆ ಸಿಕ್ಕಿ, ಬಡವರ ಸಹಾಯಧನವನ್ನೂ ಪಾವತಿಮಾಡಲಾರದೆ, ಜರ್ಮನಿಯಲ್ಲಿ ಮೊತ್ತಮೊದಲ ಬಾರಿಗೆ ಇಂತಹ ಕಾರಣದಿಂದ ವಿಪತ್ತನ್ನು ಘೋಷಿಸಿದ್ದು ಯಾವ ಕಾರ್ಖಾನೆಯೂ ಅಲ್ಲ, ಅನ್‌ಹಾಲ್ಟ್-ಬಿಟ್ಟರ್‌ಫೆಲ್ಡ್ ಎಂಬ ಜಿಲ್ಲೆಯ ಸರ್ಕಾರಿ ಆಡಳಿತ. ಅಂತಹ ಜಿಲ್ಲಾ ಕಚೇರಿಗಳೂ ಪುರಸಭೆಗಳೂ ಈ ಹೊಸ ಕೇಂದ್ರ ಶಾಸನದ ವ್ಯಾಪ್ತಿಗೆ ಸೇರಿಲ್ಲ.