ಬಾಗಿಲಲ್ಲಿ ತಡೆ

ಮಲಬದ್ಧತೆಯೆಂಬ ಒಂದೇ ಮಾತಿನಲ್ಲಿ ನಾವು ಎರಡು ಬೇನೆಗಳನ್ನು ಅಡಗಿಸಿದ್ದೇವೆ. ಕರುಳಿನ ಚಲನೆಯೇ ಮಂದವಾಗುವುದು ಒಂದು. ಬಂದದ್ದು ಬಾಗಿಲಲ್ಲಿ ನಿಂತುಬಿಡುವುದು ಇನ್ನೊಂದು. ಎರಡನೆಯದು ಹೆಂಗಸರಲ್ಲಿ ಹೆಚ್ಚು. ನಾಚಿಕೆಯಿಂದ ನುಂಗಿಕೊಳ್ಳುವವರೂ ಅವರೇ.

ಮಲಾಶಯದ ಗೋಡೆ ಒಳಕ್ಕೆ ಮಡಚಿಕೊಂಡರೆ ಅಥವಾ ಯೋನಿಯ ಕಡೆಗೆ ಉಬ್ಬಿದರೆ, ಆ ಸಡಿಲ ಭಾಗವನ್ನು ಗುದದ್ವಾರದ ಮೂಲಕವೇ ಕತ್ತರಿಸಿ ಸ್ಟೇಪ್ಲರ್‌ನಿಂದ ಹೊಲಿಯುವ 'ಸ್ಟಾರ್' ಶಸ್ತ್ರಕ್ರಿಯೆಯನ್ನು ಇಟಲಿಯ ಆಂಟೋನಿಯೋ ಲಾಂಗೋ ರೂಪಿಸಿದರು. ಹೊಟ್ಟೆ ಸೀಳಬೇಕಾಗಿಲ್ಲ, ಅನೇಕರಿಗೆ ಸುಖ ದೊರೆತದ್ದೂ ನಿಜ. ಆದರೆ ರಕ್ತಸ್ರಾವ, ಕೀವು, ಬಿಡದ ನೋವುಗಳೂ ಕಂಡಿವೆ. ಹೊಲಿಗೆಯಲ್ಲಿ ಯೋನಿಯ ಗೋಡೆ ಸಿಕ್ಕಿಕೊಂಡು ಎರಡರ ನಡುವೆ ರಂಧ್ರವಾಗುವುದು ವಿರಳ, ಆದರೆ ಘೋರ. ಹೆಚ್ಚಾಗಿ ಕಾಡುವುದು ಅವಸರ. ಅರ್ಧ ಗಂಟೆ ಕುಳಿತು ಹೆಣಗುತ್ತಿದ್ದವರು ಈಗ ಓಡಬೇಕು! ಹಲವರಲ್ಲಿ ಅದು ಕೆಲವು ತಿಂಗಳುಗಳಲ್ಲಿ ತಗ್ಗುತ್ತದೆ, ಎಲ್ಲರಲ್ಲಿ ಅಲ್ಲ.

1989ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ 47 ಮಂದಿ ಆರೋಗ್ಯವಂತರ ಎಕ್ಸ್‌ರೇ ತೆಗೆದಾಗ, ಹಲವರಲ್ಲಿ ಇವೇ ಉಬ್ಬು ಮಡಿಕೆಗಳು ಕಂಡವು. ಚಿತ್ರವೊಂದನ್ನೇ ನಂಬಿ ಕತ್ತರಿ ಹಿಡಿಯುವುದು ನನಗೇನೋ ಒಪ್ಪದು. ಮುಕ್ಕುವಾಗ ಸಡಿಲಬೇಕಾದ ಸ್ನಾಯು ಬಿಗಿಯುತ್ತಿದ್ದರೆ, ಅದಕ್ಕೆ ಬೇಕಾದದ್ದು ಬಯೋಫೀಡ್‌ಬ್ಯಾಕ್ ಎಂಬ ಅಭ್ಯಾಸ. ಶಸ್ತ್ರವೈದ್ಯರು ದಿನ ಗೊತ್ತುಮಾಡುವ ಮುನ್ನ, ಆ ಸ್ನಾಯುವಿನ ಪರೀಕ್ಷೆಯಾಯಿತೇ ಎಂದು ಕೇಳಲು ಸಂಕೋಚವೇಕೆ?