ಗಾಜಿನ ಎಳೆಗೂ ಕೈ ಪಳಗಬೇಕು

ಗ್ರಾಮ ಪಂಚಾಯ್ತಿಗಳಿಗೆ ಫೈಬರ್ ಎಳೆಯೋ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದ್ದು 2011ರಲ್ಲಿ. 2015ರಿಂದ ಅದಕ್ಕೆ ಭಾರತ್‌ನೆಟ್ ಅಂತ ಹೆಸರು. ಕೇಬಲ್ ಹೂಳೋದೇನೋ ಸರಿ... ರಸ್ತೆ ಅಗೆಯೋ ಜೇಸಿಬಿ ಅದನ್ನ ಕಿತ್ತು ಹಾಕಿದ ದಿನ ಜೋಡಿಸೋರು ಯಾರು? ಆ ಕೈಗಳು ಬಾದಾಮಿಯಲ್ಲೇ, ಹುನಗುಂದದಲ್ಲೇ ಇರಬೇಕು. ಬೆಂಗಳೂರಲ್ಲಿ ಕೂತು ಕೋಡ್ ಬರೆಯೋ ನನ್ನಂಥವರಿಂದ ಆಗೋ ಕೆಲಸ ಅಲ್ಲ ಅದು.

ಟೆಲಿಕಾಂ ಸೆಕ್ಟರ್ ಸ್ಕಿಲ್ ಕೌನ್ಸಿಲ್ ಫೈಬರ್ ಸ್ಪ್ಲೈಸರ್ ಕೆಲಸಕ್ಕೆಂದೇ ಕೋರ್ಸು ರೂಪಿಸಿದೆ. ಸಂತೋಷ. ನನ್ನ ತಕರಾರು ಸರ್ಟಿಫಿಕೇಟನ್ನ ಯಾವುದನ್ನ ನೋಡಿ ಕೊಡಬೇಕು ಅನ್ನೋದರ ಬಗ್ಗೆ. ಗಾಜಿನ ಎಳೆಯ ದಪ್ಪ 125 ಮೈಕ್ರಾನ್. ಬೆಳಕು ಹರಿಯೋದು ನಡುವಿನ ಸುಮಾರು 9 ಮೈಕ್ರಾನಿನಲ್ಲಿ. ಮೇಲಿನ ಪದರ ಸುಲಿದು, ಆಲ್ಕೋಹಾಲಿನಲ್ಲಿ ಒರೆಸಿ, ತುದಿ ನೇರ ಕತ್ತರಿಸಿ, ಮಷಿನ್ನಿನಲ್ಲಿಟ್ಟು ಕರಗಿಸಿ ಬೆಸೆಯಬೇಕು. ಧೂಳಿನ ಒಂದು ಕಣ ಕೂತರೂ ಕೆಟ್ಟಿತು. ಪಿಪಿಟಿ ನೋಡಿ ಇದು ಬರುತ್ತಾ?

ಇಳಕಲ್ಲಿನವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ ಬಿಡಿ. ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನ ಕೊಂಡಿ ಹಾಕಿ ಜೋಡಿಸೋ ಊರು ಅದು. ಮಗ್ಗದ ಮುಂದೆ ಕೂರದೆ ಅಲ್ಲಿ ಯಾರೂ ನೇಕಾರರಾಗಿಲ್ಲ.

ಪರೀಕ್ಷೆ ಹೀಗಿರಲಿ: ಹುಡುಗ (ಹುಡುಗಿಯೂ!) 24 ಎಳೆಯ ಕೇಬಲ್ ಬೆಸೆಯಲಿ. ಓಟಿಡಿಆರ್ ಹಚ್ಚಿ ಎರಡೂ ತುದಿಯಿಂದ ಅಳೆಯಲಿ. ಪ್ರತಿ ಜೋಡಣೆಯಲ್ಲೂ ಬೆಳಕಿನ ನಷ್ಟ 0.1 ಡೆಸಿಬೆಲ್ ಒಳಗಿದ್ದರೆ ಮಾತ್ರ ಪಾಸು, ಆ ಅಳತೆಗಳೇ ಸರ್ಟಿಫಿಕೇಟಿನ ಮೇಲಿರಲಿ. ಮಷಿನ್ನು ದುಬಾರಿ, ಒಪ್ತೀನಿ. ತಾಲ್ಲೂಕಿಗೊಂದು ಆಗದಿದ್ದರೆ ಬಾಗಲಕೋಟೆಯಲ್ಲಿ ಒಂದಿಟ್ಟು ವಾರಕ್ಕೊಂದು ಊರಿಗೆ ಒಯ್ಯಲಿ, ಸೂಟ್‌ಕೇಸಿನಷ್ಟೇ ತಾನೇ ಇರೋದು?

ಈ ಕೆಲಸ ಮಾಡೋರು ನಿಮ್ಮಲ್ಲಿ ಯಾರಾದ್ರೂ ಇದ್ದರೆ ಹೇಳಿ: ಕಲಿಯೋರಿಗೆ 0.1 ತೀರಾ ಬಿಗಿ ಆಯ್ತಾ?